ಧನುರ್ಮಾಸದ ಹಿತ್ತಲಿಗೆ ಏನು ಹಾಕೋಣ?



ರಾಗಿ ಕುಯ್ಲು ಮುಗಿದು ಮೆದೆ ಒಟ್ಟಿದ್ದಾಯಿತು. ಅವರೆಕಾಯಿಯ ಸೊಗಡು ಮನೆಮನೆಯಲ್ಲೂ ಹರಡಿದೆ. ಬೆಳಿಗ್ಗೆ ಏಳು ಗಂಟೆಯಾದರೂ ಮಂಜು ಕರಗುವುದಿಲ್ಲ. ಹಿರಿಯರು ಕಂಬಳಿ ಹೊದ್ದು ಜಗಲಿಯ ಮೇಲೆ ಬಿಸಿಲು ಕಾಯುತ್ತಾ ಕೂತಿರುತ್ತಾರೆ. ಇಂಥ ದಿನಗಳಲ್ಲಿ ಹಿತ್ತಲ ಕಡೆ ಯಾರು ತಾನೆ ನೋಡುತ್ತಾರೆ! "ಈಗ ಚಳಿ, ಬಿತ್ತಿದ ಬೀಜ ಮೇಲೇಳೋದಿಲ್ಲ, ಶಿವರಾತ್ರಿ ಕಳೀಲಿ" ಎನ್ನುವವರೇ ಹೆಚ್ಚು. ಶಿವರಾತ್ರಿ ಕಳೆಯುವ ಹೊತ್ತಿಗೆ ಕೊಳವೆ ಬಾವಿಯಲ್ಲಿ ನೀರು ಇಳಿದಿರುತ್ತದೆ, ಬಿಸಿಲು ಏರಿರುತ್ತದೆ. ಆಗ "ನೀರೆಲ್ಲಿದೆ, ಮುಂಗಾರು ಬರಲಿ" ಅಂತ ಆಗುತ್ತದೆ. ಹೀಗೆ ವರ್ಷದಲ್ಲಿ ಅರ್ಧಭಾಗ ಹಿತ್ತಲು ಖಾಲಿ ಬಿದ್ದಿರುತ್ತದೆ.

ಇದರಿಂದ ಆಗುವುದೇನು ನೋಡಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳಿಂದ ಬೆಂಗಳೂರಿಗೆ ದಿನವೂ ಲಾರಿಗಟ್ಟಲೆ ತರಕಾರಿ ಹೋಗುತ್ತದೆ. ಅದನ್ನು ಬೆಳೆದ ಊರಿನ ಹೆಣ್ಣುಮಕ್ಕಳೇ ವಾರದ ಸಂತೆಗೆ ಹೋಗಿ ಬಾಡಿದ ಸೊಪ್ಪಿಗೆ ದುಡ್ಡು ಕೊಟ್ಟು ಬರುತ್ತಾರೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಸುತ್ತಲ ಎಷ್ಟೋ ಹೊಲಗಳು ಬಡಾವಣೆಗಳಾದವು. ಜಮೀನು ಕೊಟ್ಟ ಮನೆಗಳಿಗೆ ಇವತ್ತು ಉಳಿದಿರುವ ನೆಲವೆಂದರೆ ಹಿತ್ತಲೊಂದೇ. ಆದ್ದರಿಂದ ಈ ದಿನ ದೊಡ್ಡ ತೋಟದ ಮಾತು ಬಿಟ್ಟು, ಹದಿನಾರು ಅಡಿ ಉದ್ದ, ಹದಿನಾರು ಅಡಿ ಅಗಲದ ಒಂದು ಹಿತ್ತಲ ಮಾತನ್ನೇ ಹೇಳುತ್ತೇನೆ.

ಮೊದಲು ಚಳಿಯ ವಿಚಾರ. ನಮ್ಮ ಚಳಿ ಗಿಡ ಕೊಲ್ಲುವ ಚಳಿಯಲ್ಲ. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಉಷ್ಣ ಬೆಂಗಳೂರು ಪೇಟೆಯಲ್ಲಿ 15-16 ಡಿಗ್ರಿಗೆ ಇಳಿಯುತ್ತದೆ. ನಮ್ಮ ಬಯಲು ಹಳ್ಳಿಗಳಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಮೆ ಇರಬಹುದು. ಹಗಲು 27ರ ಸುಮಾರು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಮೆ ಉಷ್ಣವೆಂದರೆ 1884ರ ಜನವರಿ 13ರ 7.8 ಡಿಗ್ರಿ. ಅಂದೂ ನೀರು ಹೆಪ್ಪುಗಟ್ಟಲಿಲ್ಲ. ಊಟಿಯಲ್ಲಿ ಈ ತಿಂಗಳು ಹುಲ್ಲಿನ ಮೇಲೆ ಹಿಮ ಕೂರುತ್ತದೆ, ಪಂಜಾಬಿನ ಕಡೆ ಆಲೂಗಡ್ಡೆ ಗಿಡ ಸುಟ್ಟಂತಾಗುತ್ತದೆ, ಇಂಗ್ಲೆಂಡಿನಂಥ ದೇಶದಲ್ಲಿ ತೋಟವೆಲ್ಲಾ ಮಲಗಿಬಿಡುತ್ತದೆ. ನಮಗೆ ಆ ಭಯವಿಲ್ಲ. ನಮ್ಮ ತೊಂದರೆ ಬೇರೆ. ನಮ್ಮ ಚಳಿ ಬಲು ಬೇಗ ಮುಗಿದುಹೋಗುತ್ತದೆ. ಇವತ್ತು ನೆಟ್ಟ ಗಿಡ ಕಾಯಿ ಕಟ್ಟುವುದು ಚಳಿಯಲ್ಲಲ್ಲ, ಫಾಲ್ಗುಣದ ಬಿಸಿಲಿನಲ್ಲಿ. ಮಾರ್ಚಿ ತಿಂಗಳ ಕೊನೆಗೆ ಹಗಲಿನ ಉಷ್ಣ 33-34 ಡಿಗ್ರಿ ಆಗಿರುತ್ತದೆ.

ಹೀಗಿರುವುದರಿಂದ ಬೀಜ ಕೈಗೆ ತಗೊಂಡಾಗ ಹೊರಗಿನ ಚಳಿ ನೋಡಬಾರದು, ಪಂಚಾಂಗ ನೋಡಬೇಕು. ಈ ಬೆಳೆ ಕೈಗೆ ಬರೋದಕ್ಕೆ ಎಷ್ಟು ದಿನ ಬೇಕು, ಆ ದಿನ ಬಿಸಿಲು ಹೇಗಿರುತ್ತೆ, ಅಂತ ಎಣಿಸಬೇಕು.

ಇದನ್ನು ನಾನು ಪುಸ್ತಕ ಓದಿ ಕಲಿತೆ ಅಂತ ಹೇಳಿದರೆ ಸುಳ್ಳಾಗುತ್ತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹೊಸಕೋಟೆ ಕಡೆಯ ಒಬ್ಬ ಅಜ್ಜಿಗೆ ಸಂಕ್ರಾಂತಿ ವಾರದಲ್ಲಿ ಐವತ್ತು ಹೂಕೋಸಿನ ಸಸಿ ತಂದುಕೊಟ್ಟೆ. ಒಳ್ಳೆ ತಳಿ, ಬಿಳೀ ದಪ್ಪ ಹೂವು, ಹೂಕೋಸು ಚಳಿಗಾಲದ ಬೆಳೆ, ಈಗ ಚಳಿಗಾಲ. ನನ್ನ ಲೆಕ್ಕ ಇಷ್ಟೇ. ಆ ತಳಿಗೆ ಹೂ ಕಟ್ಟುವ ಕಾಲದಲ್ಲಿ 10ರಿಂದ 16 ಡಿಗ್ರಿ ತಂಪು ಬೇಕು ಅನ್ನೋದನ್ನು ನಾನು ಯೋಚಿಸಲಿಲ್ಲ. ಅಜ್ಜಿ ದಿನಾ ನೀರು ಹೊತ್ತು ಹಾಕಿದರು. ಮಾರ್ಚಿಯಲ್ಲಿ ಹೋಗಿ ನೋಡಿದರೆ ಮೊರದಗಲ ಎಲೆ, ನಡುವೆ ಹೂವೇ ಇಲ್ಲ. ನಾನು ತಲೆ ತಗ್ಗಿಸಿ ನಿಂತಿದ್ದೆ. ಅಜ್ಜಿ, "ಬೇಜಾರು ಮಾಡ್ಕೋಬೇಡ ಕಣಪ್ಪ, ನಿನ್ನ ಹೂಕೋಸು ನಮ್ಮ ಹಸುಗೆ ಬಲು ಚೆನ್ನಾಗಿತ್ತು" ಅಂದರು. ಅಜ್ಜಿ ಹೊತ್ತ ನೀರಿನ ಲೆಕ್ಕ ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ.

ಜನವರಿ 26ರ ಸುಮಾರಿಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ನಮ್ಮ ಕಡೆಯ ಮಂದಿ ತುಂಬಾ ಹೋಗುತ್ತಾರೆ. ಅಲ್ಲಿ ಅಂದದ ಹೂವು, ತರಕಾರಿ ಕಂಡು ಬೀಜ ಕೊಂಡು ತರುತ್ತಾರೆ. ಪ್ರದರ್ಶನಕ್ಕೆ ಇಟ್ಟ ಹೂಕೋಸು ಅಕ್ಟೋಬರ್‌ನಲ್ಲೇ ನೆಲಕ್ಕೆ ಹೋಗಿದ್ದು. ಆ ಬೀಜವನ್ನು ತಂಪಾದ ಜಾಗದಲ್ಲಿ ಡಬ್ಬಿಯಲ್ಲಿಟ್ಟು ಮುಂದಿನ ಮಹಾನವಮಿವರೆಗೆ ಕಾಯಿರಿ.

ಅವರೆ ವಿಚಾರದಲ್ಲೂ ಇದೇ ಎಡವಟ್ಟು. ಈಗ ಸಂತೆಯಲ್ಲಿ ಅವರೆಕಾಯಿ ನೋಡಿ "ನಾವೂ ನಾಲ್ಕು ಬೀಜ ಹಾಕೋಣ" ಅಂತ ನಾಟಿ ಅವರೆ ಊರುವವರಿದ್ದಾರೆ. ನಾಟಿ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ. ಈಗ ಸುಮಾರು 11 ಗಂಟೆ 20 ನಿಮಿಷ. ಹಗಲು ಕುಗ್ಗಿದರೇನೆ ಅದಕ್ಕೆ ಹೂವಿನ ಬುದ್ಧಿ ಬರೋದು. ಅದಕ್ಕೇ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಿಂದೆ ಮುಂದೆ ಬಿತ್ತಿದ ಅವರೆಯೆಲ್ಲಾ ಒಟ್ಟಿಗೇ ಹೂವಾಗುತ್ತದೆ. ಈಗ ಹಾಕಿದರೆ ಮೊಣಕಾಲೆತ್ತರ ಬರುವುದರೊಳಗೆ ಹೂ ಬಿಟ್ಟು ಹಿಡಿ ಕಾಯಿ ಕೊಟ್ಟು ಮುಗಿಯುತ್ತದೆ. ಶಿವರಾತ್ರಿ ಕಳೆದ ಮೇಲೆ ಹಾಕಿದರಂತೂ ಹಗಲು ಉದ್ದವಾಗುತ್ತಾ ಹೋಗಿ, ಬೇಸಗೆಯೆಲ್ಲಾ ಬಳ್ಳಿ ಹಬ್ಬಿಸಿ ನೀರು ಕುಡಿದು ಕೂರುತ್ತದೆ, ಹೂವಿಲ್ಲ. ಅವರೆ ಬೇಕೇ ಬೇಕು ಅನ್ನುವವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4, ಇಲ್ಲವೆ ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ಹಾಕಬಹುದು. ಇವು ಗಿಡ್ಡ ಗಿಡಗಳು, ಹಗಲಿನ ಉದ್ದಕ್ಕೆ ಕಟ್ಟುಬಿದ್ದವಲ್ಲ, ಯಾವ ತಿಂಗಳಾದರೂ ಕಾಯಿ ಬಿಡುತ್ತವೆ. ಸೊಗಡು ಮಾತ್ರ ನಾಟಿಯಷ್ಟಿಲ್ಲ ಅಂತ ಹಳಬರು ಹೇಳುತ್ತಾರೆ. ನನ್ನ ಮನೆಯಲ್ಲೂ ಅದೇ ದೂರು, ನಾನು ಎದುರು ಮಾತಾಡುವುದಿಲ್ಲ.

ಇನ್ನು ನೀರು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಅರ್ಕಾವತಿ ನಂದಿಬೆಟ್ಟದ ಕಡೆಯಿಂದ, ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ಬರುತ್ತವೆ, ಮಳೆ ನಿಂತರೆ ಅವೂ ನಿಲ್ಲುತ್ತವೆ. ಉಳಿದದ್ದು ಕೊಳವೆ ಬಾವಿ. ಅದರ ಆಳ ವರ್ಷ ವರ್ಷಕ್ಕೂ ಹೆಚ್ಚುತ್ತಿರುವುದು ನಿಮಗೇ ಗೊತ್ತು. ಹಿತ್ತಲಿಗೆ ಅಂತ ಮೋಟಾರು ಹಾಕಿ ಅಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೆ ಐದು ಜನರ ಮನೆಯಲ್ಲಿ ಬಚ್ಚಲು ಮತ್ತು ಪಾತ್ರೆ ತೊಳೆಯುವ ಜಾಗದಿಂದ ದಿನಕ್ಕೆ ನೂರು ಲೀಟರಾದರೂ ನೀರು ಮೋರಿಗೆ ಹೋಗುತ್ತದೆ. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಸುಮಾರು ಏಳು ಕೊಡ.

ಈ ಏಳು ಕೊಡ ಎಷ್ಟು ನೆಲಕ್ಕೆ ಸಾಕು? ಹದಿನಾರಡಿ ಚೌಕದಲ್ಲಿ ಮೂರಡಿ ಅಗಲದ ನಾಲ್ಕು ಮಡಿ ಮಾಡಿ, ಪಕ್ಕಪಕ್ಕದಲ್ಲಿ ಒಂದೊಂದು ಅಡಿ ಓಡಾಡಲು ಬಿಟ್ಟರೆ, ಬೆಳೆ ನಿಲ್ಲುವ ನೆಲ ಸುಮಾರು 18 ಚದರ ಮೀಟರ್. ಈಗಿನ ತಂಪಿನಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ನಾಲ್ಕು ಲೀಟರು ಹಾಕಿದರೆ ಸಾಕು, ಅಂದರೆ ಐದು ಕೊಡ. ಎರಡು ಕೊಡ ಮಿಗುತ್ತದೆ. ಮಾರ್ಚಿಯಲ್ಲಿ ಅದೇ ನೆಲ ಐದೂವರೆ ಲೀಟರು ಕೇಳುತ್ತದೆ, ಆಗ ಏಳೂ ಕೊಡ ಬೇಕು. ಮನೆ ಬಿಸಾಡುವ ನೀರಿಗೂ ಹಿತ್ತಲಿಗೂ ಸರಿಹೋಗುತ್ತದೆ ನೋಡಿ. ಇದಕ್ಕಿಂತ ದೊಡ್ಡ ಹಿತ್ತಲು ಮಾಡಲು ಹೋಗಬೇಡಿ. ಆಸೆಪಟ್ಟು ಎರಡರಷ್ಟು ಅಗೆದವರ ಹಿತ್ತಲು ಯುಗಾದಿಗೆ ಒಣಗಿದ್ದನ್ನು ನೋಡಿದ್ದೇನೆ.

ಸೋಪಿನ ನೀರು ಹಾಕಬಹುದೇ ಅಂತ ಕೇಳುತ್ತೀರಿ. ಮೈ ತೊಳೆದ ನೀರು ಪರವಾಗಿಲ್ಲ, ಆದರೆ ನೇರವಾಗಿ ಬೇಡ. ಬಚ್ಚಲ ಮೋರಿಯ ಬಾಯಿಗೆ ಎರಡಡಿ ಗುಂಡಿ ತೋಡಿ, ತಳಕ್ಕೆ ದಪ್ಪ ಜಲ್ಲಿ, ಮೇಲೆ ಮರಳು ತುಂಬಿ, ಅಂಚಿಗೆ ಎರಡು ಕಾಬಾಳೆ ಗೆಡ್ಡೆ ನೆಟ್ಟು, ಸೋಸಿ ಬಂದ ನೀರನ್ನು ಬಳಸಿ. ಬಟ್ಟೆ ಒಗೆದ ನೀರನ್ನು ಮಡಿಗೆ ಬಿಡಬೇಡಿ. ಸೋಪಿನ ಪುಡಿಯ ಕ್ಷಾರ ನಮ್ಮ ಕೆಂಪು ಮಣ್ಣನ್ನು ಬಿಗಿಗೊಳಿಸುತ್ತದೆ. ಸೋಸಿದ ನೀರನ್ನೂ ಬುಡಕ್ಕೆ ಹಾಕಬೇಕು, ಎಲೆಯ ಮೇಲೆ ಚೆಲ್ಲಬಾರದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ ಇವುಗಳಿಗೆ ಬಚ್ಚಲ ನೀರು ಬೇಡವೇ ಬೇಡ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್‌ನಲ್ಲಿ ಬೇರೆ ಹಿಡಿದಿಟ್ಟು ಅವಕ್ಕೆ ಕೊಡಿ.

ಮಣ್ಣು ಸಿದ್ಧ ಮಾಡುವುದರಲ್ಲಿ ಹೊಸದೇನಿಲ್ಲ. ಒಂದಡಿ ಅಗೆದು, ಹೆಂಟೆ ಒಡೆದು, ಮಡಿಗೆ ಒಂದೊಂದು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಹೊಂಗೆ ಅಥವಾ ಬೇವಿನ ಹಿಂಡಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳ ತಾನೇ ಕರೆದಂತೆ. ಬೆಳೆ ಎದ್ದ ಮೇಲೆ ಹೊಂಗೆಯ ತರಗೆಲೆಯನ್ನು ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸಿ. ಇನ್ನೇನು ಹೊಂಗೆ ಎಲೆ ಉದುರಿಸುವ ಕಾಲ. ಅದನ್ನು ಗುಡಿಸಿ ಬೆಂಕಿ ಹಾಕುವ ಬದಲು ಮಡಿಗೆ ಹಾಕಿದರೆ ಎರಡು ದಿನಕ್ಕೊಮ್ಮೆ ನೀರು ಕೊಟ್ಟರೂ ನಡೆಯುತ್ತದೆ.

ಈಗ ಮಡಿಗಳಿಗೆ ಬರೋಣ. ಒಂದು ಮಡಿ ಸೊಪ್ಪಿಗೆ. ಮೆಂತ್ಯ, ಪಾಲಕ್, ಸಬ್ಬಸಿಗೆ, ಕೊತ್ತಂಬರಿ, ಚಕ್ಕೋತ ಸೊಪ್ಪು ಇವೆಲ್ಲಾ ಚಳಿ ಮೆಚ್ಚುವ ಜಾತಿ. (ಚಕ್ಕೋತ ಅಂದೊಡನೆ ದೇವನಹಳ್ಳಿಯ ದೊಡ್ಡ ಹಣ್ಣು ನೆನಪಾದೀತು, ಅದು ಮರ, ಅದನ್ನು ಮಳೆಗಾಲಕ್ಕೆ ನೆಡೋಣ. ಇದು ಸೊಪ್ಪು.) ಮೆಂತ್ಯ 25-30 ದಿನಕ್ಕೆ ಕೀಳಬಹುದು, ಕೊತ್ತಂಬರಿಗೆ 40 ದಿನ. ಕೊತ್ತಂಬರಿ ಬೀಜವನ್ನು ಕಲ್ಲಿನ ಮೇಲೆ ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿರಿ; ಇಲ್ಲದಿದ್ದರೆ ಈ ಚಳಿಯಲ್ಲಿ ಮೊಳಕೆಗೆ ಎರಡು ವಾರ ಕಾಯಿಸುತ್ತದೆ. ಮಡಿಯೆಲ್ಲಾ ಒಂದೇ ದಿನ ಬಿತ್ತಬಾರದು. ಮೂರು ಭಾಗ ಮಾಡಿ ಹದಿನೈದು ಹದಿನೈದು ದಿನಕ್ಕೆ ಬಿತ್ತುತ್ತಾ ಹೋದರೆ ವಾರಕ್ಕೆ ಎರಡು ಮೂರು ದಿನ ಸೊಪ್ಪು ಸಿಕ್ಕುತ್ತದೆ. ದಿನಾ ಸಿಕ್ಕುತ್ತದೆ ಅಂತ ನಾನು ಹೇಳೋಲ್ಲ. ದಂಟಿನ ಸೊಪ್ಪು ಮಾತ್ರ ಈಗ ಮುದುರಿಕೊಂಡು ಕೂರುತ್ತದೆ, ರಥಸಪ್ತಮಿ ಕಳೆದ ಮೇಲೆ ಹಾಕಿ. ಅರ್ಕಾ ಸುಗುಣ ಎಂಬ ದಂಟು ಕತ್ತರಿಸಿದಂತೆಲ್ಲಾ ಚಿಗುರುತ್ತದೆ, ಬೇಸಗೆಗೆ ಒಳ್ಳೇದು.

ಎರಡನೆಯ ಮಡಿ ಗೆಡ್ಡೆಗಳಿಗೆ. ಮೂಲಂಗಿ 40-45 ದಿನ, ನವಿಲುಕೋಸು ಸಸಿ ನೆಟ್ಟು 45-50 ದಿನ, ಬೀಟ್‌ರೂಟು 60-70 ದಿನ. ಇವನ್ನು ಈ ವಾರ ಹಾಕಿದರೆ ಫೆಬ್ರವರಿ ಒಳಗೆ ಮುಗಿಯುತ್ತವೆ, ಬಿಸಿಲಿಗೆ ಸಿಕ್ಕುವುದಿಲ್ಲ. ಕ್ಯಾರೆಟ್ಟಿಗೆ 80-90 ದಿನ ಬೇಕು. ಸಂಕ್ರಾಂತಿ ದಾಟಿಸಿ ಹಾಕಿದರೆ ಗೆಡ್ಡೆ ಬಣ್ಣವಿಲ್ಲದೆ ನಾರಾಗುತ್ತದೆ. ಮೂಲಂಗಿ ಬಲಿತರೆ ಬೆಂಡಾಗುತ್ತದೆಂಬುದು ಎಲ್ಲರಿಗೂ ಗೊತ್ತು, ಆದರೂ ದೊಡ್ಡದಾಗಲಿ ಅಂತ ಬಿಡುತ್ತೇವೆ!

ಮೂರನೆಯದು ಹುರುಳಿಕಾಯಿ, ಅಂದರೆ ಬೀನ್ಸ್. ನನ್ನನ್ನು ಕೇಳಿದರೆ ಈ ತಿಂಗಳ ಹಿತ್ತಲಿಗೆ ಇದಕ್ಕಿಂತ ಮೇಲಾದ ಬೆಳೆ ಇಲ್ಲ. 16ರಿಂದ 24 ಡಿಗ್ರಿ ಅದಕ್ಕೆ ಹಿತ. ನಮ್ಮ ಡಿಸೆಂಬರ್, ಜನವರಿಯ ಹವೆ ಹೇಳಿ ಮಾಡಿಸಿದ ಹಾಗಿದೆ. ಹೆಸರಘಟ್ಟದ ಅರ್ಕಾ ಕೋಮಲ್ ಗಿಡ್ಡ ಜಾತಿ, ಊರುಗೋಲು ಬೇಡ. ಮಡಿಯಲ್ಲಿ ಒಂದೂವರೆ ಅಡಿಗೆ ಎರಡು ಸಾಲು, ಸಾಲಿನಲ್ಲಿ ಅರ್ಧ ಅಡಿಗೊಂದು ಗಿಡ, ಒಟ್ಟು ಅರವತ್ತು ಗಿಡಕ್ಕೂ ಮೇಲೆ. ಬಿತ್ತಿದ 45-50 ದಿನಕ್ಕೆ ಮೊದಲ ಕೊಯ್ಲು, ಆಮೇಲೆ ಎರಡು ಮೂರು ವಾರ ಕಾಯಿ. ಹೂ ಬಿಟ್ಟಾಗ ಒಂದು ದಿನವೂ ನೀರು ತಪ್ಪಿಸಬಾರದು, ತಪ್ಪಿದರೆ ಹೂ ಉದುರುತ್ತದೆ. ಮಂಜು ಹೆಚ್ಚಿರುವ ದಿನ ಎಲೆ ಒದ್ದೆಯಿರುವಾಗ ಗಿಡದ ನಡುವೆ ಓಡಾಡಬೇಡಿ, ತುಕ್ಕು ರೋಗ ಗಿಡದಿಂದ ಗಿಡಕ್ಕೆ ನಿಮ್ಮ ಕೈಯಲ್ಲೇ ಹೋಗುತ್ತದೆ. ಬಿಸಿಲು ಬಂದ ಮೇಲೆ ಕೊಯ್ಯಿರಿ.

ನಾಲ್ಕನೆಯ ಮಡಿಗೆ ಟೊಮ್ಯಾಟೊ, ಬದನೆ, ನಾಲ್ಕಾರು ಮೆಣಸಿನ ಗಿಡ. ಇವುಗಳ ಒಟ್ಲು ಈಗ ಹಾಕಿ, ಜನವರಿಯಲ್ಲಿ ಸಸಿ ಕಿತ್ತು ನೆಡಬೇಕು. ಈ ಬೆಳೆ ಬೇಸಗೆಗೆ ಹೋಗುವುದರಿಂದ ಬಿಳಿನೊಣದ ಕಾಟ ತಪ್ಪದು. ಆ ನೊಣವೇ ಟೊಮ್ಯಾಟೊಗೆ ಎಲೆ ಮುದುರು ರೋಗ ಹೊತ್ತು ತರುತ್ತದೆ, ಅದೂ ಎಳೆ ಸಸಿಯಲ್ಲೇ ತಗಲಿದರೆ ಗಿಡ ಮುಗಿದ ಹಾಗೆ. ಒಟ್ಲ ಮಡಿಯ ಮೇಲೆ ಬಿದಿರು ದಬ್ಬೆ ಬಗ್ಗಿಸಿ ಹಳೇ ತೆಳು ಪಂಚೆ ಹೊದಿಸಿ, ಸುತ್ತ ಮಣ್ಣು ಮುಚ್ಚಿ. ಸೊಳ್ಳೆಪರದೆಯ ಕಣ್ಣು ದೊಡ್ಡದು, ಬಿಳಿನೊಣ ಅದರಲ್ಲಿ ಆರಾಮವಾಗಿ ನುಸುಳುತ್ತದೆ. ತಳಿ ಆರಿಸುವುದಾದರೆ 2010ರ ಸುಮಾರಿಗೆ ಬಂದ ಅರ್ಕಾ ರಕ್ಷಕ್ ಇದೆ. ಎಲೆ ಮುದುರು, ದುಂಡಾಣು ಸೊರಗು, ಮುಂಚಿತ ಅಂಗಮಾರಿ ಮೂರನ್ನೂ ತಡೆಯುತ್ತದೆ. ಅದು ಸಂಕರಣ ತಳಿ, ಅದರ ಹಣ್ಣಿನಿಂದ ಬೀಜ ಎತ್ತಿಡಬೇಡಿ, ಮರುವರ್ಷ ಅದೇ ಗುಣ ಬರುವುದಿಲ್ಲ.

ಮಿಕ್ಕ ಎರಡು ಕೊಡ ನೀರು ಇತ್ತಲ್ಲ, ಅದು ಬೇಲಿ ಬಳ್ಳಿಗಳಿಗೆ. ಸೋರೆ, ಹೀರೆ, ಪಡವಲ, ಹಾಗಲ, ಸೌತೆ ಇವನ್ನು ಎಲ್ಲರೂ ಬೇಸಗೆ ಬಂದ ಮೇಲೆ ಹಾಕುತ್ತಾರೆ. ಸಂಕ್ರಾಂತಿಯ ಮಾರನೆ ವಾರವೇ ಹಾಕುವುದು ಮೇಲು. ಹಗಲು ಚಿಕ್ಕದಿದ್ದು ರಾತ್ರಿ ತಂಪಿರುವಾಗ ಈ ಬಳ್ಳಿಗಳಲ್ಲಿ ಹೆಣ್ಣು ಹೂವು ಹೆಚ್ಚು ಬರುತ್ತದೆ; ಬಿಸಿಲೇರಿದರೆ ಬರೀ ಗಂಡು ಹೂವು. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಿನ ನೊಣ ಹೆಚ್ಚುವ ಮೊದಲೇ ಒಂದಷ್ಟು ಕಾಯಿ ಕೈ ಸೇರಿರುತ್ತದೆ ಎಂಬುದು ಇನ್ನೊಂದು ಲಾಭ. ಆದರೆ ಬೀಜ ಮೊಳೆಯಲು ಮಾತ್ರ ಬೆಚ್ಚಗಿರಬೇಕು. ತಣ್ಣನೆ ಮಣ್ಣಲ್ಲಿ ಊರಿದರೆ ಅಲ್ಲೇ ಕೊಳೆಯುತ್ತದೆ, ಇಲ್ಲವೆ ಇರುವೆ ಪಾಲು.

ಅದಕ್ಕೊಂದು ಸುಲಭ ಉಪಾಯ ನಿಮ್ಮ ಬಚ್ಚಲಲ್ಲೇ ಇದೆ. ಬೀಜವನ್ನು ಒಂದು ರಾತ್ರಿ ನೆನೆಸಿ (ಹಾಗಲ ಬೀಜದ ಸಿಪ್ಪೆ ಗಟ್ಟಿ, ತುದಿ ಸ್ವಲ್ಪ ಮುರಿದು ಪೂರ್ತಿ ಒಂದು ದಿನ ನೆನೆಸಿ), ಒದ್ದೆ ಬಟ್ಟೆಯಲ್ಲಿ ಕಟ್ಟಿ, ನೀರು ಕಾಯಿಸುವ ಹಂಡೆ ಒಲೆಯ ಪಕ್ಕದ ಗೋಡೆಗೆ ತೂಗುಹಾಕಿ. ಒಲೆಯ ಮೇಲಲ್ಲ, ಪಕ್ಕ. ಕೈ ಇಟ್ಟರೆ ಹಿತವಾದ ಬಿಸಿ ಇರಬೇಕು. ಬಟ್ಟೆ ಒಣಗದಂತೆ ನೋಡಿಕೊಂಡರೆ ಮೂರು ನಾಲ್ಕು ದಿನದಲ್ಲಿ ಬಿಳೀ ಮೊಳಕೆ ಕಾಣುತ್ತದೆ. ಅದನ್ನು ತೂತು ಮಾಡಿದ ತೆಂಗಿನ ಚಿಪ್ಪಿನಲ್ಲಿ ಮಣ್ಣು ಗೊಬ್ಬರ ತುಂಬಿ ನೆಟ್ಟು, ಹಗಲು ಬಿಸಿಲಲ್ಲಿ, ರಾತ್ರಿ ಜಗಲಿಯ ಮೇಲೆ ಇಡಿ. ಎರಡು ಎಲೆ ಬಂದ ಮೇಲೆ ಬೇಲಿಯ ಬುಡದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಅರ್ಧ ಮಂಕರಿ ಗೊಬ್ಬರ ಹಾಕಿ, ಬೇರು ಅಲುಗದಂತೆ ಇಳಿಸಿ. ಗುಂಡಿಗೆ ಎರಡು ಗಿಡ, ಗುಂಡಿಯಿಂದ ಗುಂಡಿಗೆ ಆರಡಿ. ಇಂಥ ನಾಲ್ಕು ಗುಂಡಿ ಒಂದು ಮನೆಗೆ ಸಾಕು. ಗ್ಯಾಸಿನಲ್ಲಿ ನೀರು ಕಾಯಿಸುವ ಮನೆಯವರು ಪಕ್ಕದ ಮನೆ ಒಲೆಗೆ ಹೋಗಬೇಕಾದೀತು, ಬೇರೆ ದಾರಿಯಿಲ್ಲ. ಬೆಂಡೆಗೆ ಇಷ್ಟು ಶ್ರಮ ಬೇಡ, ರಥಸಪ್ತಮಿ ಕಳೆದು ನೆಲ ಬಿಸಿಯಾದ ಮೇಲೆ, ಮೂಲಂಗಿ ಕಿತ್ತ ಜಾಗಕ್ಕೆ ಊರಿದರಾಯಿತು.

ಹುಳದ ಮಾತು ಸ್ವಲ್ಪ. ಈಗ ಅವರೆಯ ಮೇಲಿರುವ ಕಪ್ಪು ಹೇನು ನಿಮ್ಮ ಬೀನ್ಸಿಗೂ ಬರುತ್ತದೆ. ಬೇವಿನ ಬೀಜದ ತಿರುಳು 40 ಗ್ರಾಂ ಜಜ್ಜಿ, ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರು ನೀರಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, ಚಿಟಿಕೆ ಸೋಪು ಸೇರಿಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ನವಿಲುಕೋಸಿನ ಸುತ್ತ ಒಂದು ಸಾಲು ಸಾಸಿವೆ ಚೆಲ್ಲಿ. ಕೋಸನ್ನು ಜಾಲರಿ ಮಾಡುವ ವಜ್ರಬೆನ್ನಿನ ಪತಂಗ ಸಾಸಿವೆಗೆ ಹೋಗಿ ಮೊಟ್ಟೆಯಿಡುತ್ತದೆ, ಅಲ್ಲೇ ಅದಕ್ಕೆ ಬೇವಿನ ಕಷಾಯ ಹೊಡೆಯಬಹುದು. ತಿನ್ನುವ ಹಿತ್ತಲಿಗೆ ಅಂಗಡಿಯ ವಿಷ ತರಬೇಡಿ. ಹಾಗೆ ನೋಡಿದರೆ ಹಿತ್ತಲಿಗೆ ಎಲ್ಲಾ ಹುಳಕ್ಕಿಂತ ದೊಡ್ಡ ಶತ್ರು ನಿಮ್ಮದೇ ಕೋಳಿ. ಬಿತ್ತಿದ ದಿನವೇ ಮಡಿಯ ಮೇಲೆ ಜಾಲಿ ಮುಳ್ಳು ಹರಡದಿದ್ದರೆ ಇಷ್ಟೊತ್ತು ನಾನು ಹೇಳಿದ್ದೆಲ್ಲಾ ವ್ಯರ್ಥ.

ಬೀಜಕ್ಕೆ ದೂರ ಹೋಗಬೇಕಿಲ್ಲ. 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೆಸರಘಟ್ಟದಲ್ಲಿದೆ, ನೆಲಮಂಗಲ, ದೊಡ್ಡಬಳ್ಳಾಪುರದವರಿಗೆ ಹತ್ತಿರ. ಅರ್ಕಾ ಹೆಸರಿನ ತಳಿಗಳೆಲ್ಲಾ ಅಲ್ಲಿಯವೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಘಾಟಿ ದನಗಳ ಜಾತ್ರೆಗೆ ಹೋಗುವವರು ದಾರಿಯಲ್ಲಿ ಅಲ್ಲಿಗೂ ಹೋಗಿ ವಿಚಾರಿಸಬಹುದು. ಸಸಿ ಕೊಳ್ಳುವವರು ಹೊಸಕೋಟೆ ಕಡೆಯ ಯಾವ ಸಸಿಮನೆಯಲ್ಲಾದರೂ ಬಿತ್ತಿ ಎಷ್ಟು ದಿನವಾಯಿತು ಅಂತ ಮೊದಲು ಕೇಳಿ. 25-30 ದಿನದ್ದು ಸರಿ. ಬೇರು ಸುತ್ತಿಕೊಂಡು ಕಂದಿರುವ ಹಳೇ ಸಸಿಯನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಮೆಂತ್ಯ, ಕೊತ್ತಂಬರಿ ಬೀಜಕ್ಕಂತೂ ಅಡಿಗೆ ಮನೆಯ ಡಬ್ಬಿಯೇ ಸಾಕು, ಈ ಸಂಜೆಯೇ ನೆನೆಹಾಕಬಹುದು.